ಪಿ.ಟಿ. ಸರ್ ಹೊರಗೆ ಬಂದಿದ್ದರು

ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಾಂಶುಪಾಲರು ಅವರನ್ನು ಅಜಾತಶತ್ರು ಎಂದರು. ಅವರ ನಂತರ ಮೈಕಿಗೆ ಬಂದವರು ಮೃದುಭಾಷಿ ಎಂದರು. ಇನ್ನೊಬ್ಬರು, ಸಾವಿನ ಜೊತೆ ವೀರನಂತೆ ಹೋರಾಡಿದರು ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಎದುರಿನವರು ತಪ್ಪು ಹೇಳಿದರೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ. ಆದರೆ ಸಂತಾಪ ಸಭೆಯಲ್ಲಿ ಖಂಡನೆಗೆ ಸಮಯ ಕೊಡುವುದಿಲ್ಲ, ಮೌನಕ್ಕೆ ಮಾತ್ರ ಕೊಡುತ್ತಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವರು ಅಜಾತಶತ್ರು ಆಗಿರಲಿಲ್ಲ. ಮೈದಾನದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಅದೇ ಪ್ರಾಂಶುಪಾಲರ ಜೊತೆ ಒಂದು ಇಡೀ ಸೆಮಿಸ್ಟರ್ ಮಾತು ಬಿಟ್ಟಿದ್ದರು. ಬರೀ ಮಾತು ಬಿಟ್ಟಿದ್ದರೆ ಆಗಿತ್ತು. ಒಂದು ಮಧ್ಯಾಹ್ನ ಆ ಕಾರು ನಿಂತಲ್ಲೇ, ಅದು ಒಳಗೆ ಸೇರುವಂತೆ ಸುಣ್ಣದಲ್ಲಿ ಕಬಡ್ಡಿ ಅಂಕಣ ಎಳೆಸಿ, ಹುಡುಗರಿಗೆ ಅಭ್ಯಾಸ ಶುರು ಮಾಡಿಸಿದರು. ಕಾರಿನ ಹಿಂದಿನ ಚಕ್ರ ಗೆರೆ ದಾಟಿತ್ತು. ಅವರು ಸೀಟಿ ಊದಿ, ಕೈ ಎತ್ತಿ, ಕಾರು ಔಟ್ ಎಂದು ತೀರ್ಪು ಕೊಟ್ಟರು. ಕಾಲೇಜಿನ ಎಲ್ಲ ಕಿಟಕಿಗಳೂ ನಕ್ಕವು. ಮೃದುಭಾಷಿ ಎಂಬುದಕ್ಕೆ ನಾನು ಉತ್ತರ ಕೊಡಬೇಕಾದ್ದೇ ಇಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂರನೆಯ ಮಾತಿದೆಯಲ್ಲ, ಹೋರಾಟದ್ದು, ನನ್ನ ನಿಜವಾದ ತಕರಾರು ಅದರ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಅವರ ಕೋಣೆಯ ಬೋರ್ಡಿನ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು ಎಂದಿತ್ತು. ನಾವು ಕರೆಯುತ್ತಿದ್ದದ್ದು ಪಿ.ಟಿ. ಸರ್ ಎಂದೇ. ನಾನು ಅಲ್ಲಿ ಓದುವಾಗಲೂ ಹಾಗೆ, ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದು ಅವರ ಸಹೋದ್ಯೋಗಿ ಆದಮೇಲೂ ಹಾಗೆ. ಅವರು ಹುಟ್ಟಿದ ಊರು ತಾಳಗುಂದದ ಹತ್ತಿರ. ಅಲ್ಲಿ ಮನೆಯವರು ಈಗಲೂ ಕುರಿ ಸಾಕುತ್ತಾರೆ. ಕುರಿಯ ಹಿಂದೆ ಓಡಿದ ಕಾಲು ನಂದು, ಇವು ಕೋಚಿಂಗ್‌ಗೆ ಹೋದ ಕಾಲಲ್ಲ ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಹೆಂಡತಿ ಸೊರಬದವರು, ಅಲ್ಲಿಯ ಶಾಲೆಯಲ್ಲಿ ಟೀಚರ್. ಹೀಗಾಗಿ ಮನೆ ಸೊರಬದಲ್ಲಿ. ತಾಯಿಯೂ ಅವರ ಜೊತೆಗೇ. ಸರ್ ದಿನಾ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು, ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಂತು.

ನಮ್ಮಂಥ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ಯಾವ ಸ್ಪರ್ಧೆಗೆ ಯಾವ ತಂಡ ಹೊರಟರೂ ಜೊತೆಗೆ ಕಳಿಸುವುದು ಪಿ.ಟಿ. ಸರ್ ಅವರನ್ನೇ. ಉಳಿದವರಿಗೆ ಪಾಠವಿರುತ್ತದೆ, ಇವರಿಗೆ ಮೈದಾನ ತಾನೇ ಎಂಬ ತರ್ಕ. ಜಾನಪದ ಗೀತೆಗೂ ಅವರೇ, ರಸಪ್ರಶ್ನೆಗೂ ಅವರೇ, ನನ್ನ ಚರ್ಚಾಸ್ಪರ್ಧೆಗೂ ಅವರೇ. ಮುಂದಿನ ಸಾಲಿನಲ್ಲಿ ಕೂತು, ಕೈ ಕಟ್ಟಿ, ಕೊರಳಲ್ಲಿ ಸೀಟಿ ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದರು. ನಾನು ವಿಷಯ ಮಂಡಿಸುವಾಗ ಒಂದು ಸಲವೂ ಎಚ್ಚರಿದ್ದವರಲ್ಲ. ಎದುರಾಳಿಯನ್ನು ಖಂಡಿಸುವ ಸುತ್ತು ಬಂದರೆ ಮಾತ್ರ ಯಾರೋ ತಿವಿದ ಹಾಗೆ ಎದ್ದು ಕೂರುವರು. ಜಗಳದ ವಾಸನೆ ಅವರಿಗೆ ನಿದ್ದೆಯಲ್ಲೂ ಸಿಗುತ್ತಿತ್ತು.

ಸೊರಬದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ನಾನು ಸೋತೆ. ಸೋಲಬಾರದಿತ್ತು, ಅದನ್ನು ಇವತ್ತಿಗೂ ಸಾಬೀತು ಮಾಡಬಲ್ಲೆ. ವಾಪಸ್ ಬರುವ ಬಸ್ಸಿನಲ್ಲಿ ತೀರ್ಪುಗಾರರನ್ನು ಬೈಯಲು ಶುರು ಮಾಡಿದೆ. ಸೋಲನ್ನು ಕ್ರೀಡಾ ಮನೋಭಾವದಿಂದ ತಗೋ ಎಂದು ಬುದ್ಧಿ ಹೇಳುತ್ತಾರೆಂದುಕೊಂಡರೆ ಅವರೂ ಸೇರಿಕೊಂಡು ಬೈದರು. ಆ ತೀರ್ಪುಗಾರರ ಮೀಸೆಯನ್ನೂ ಬಿಡಲಿಲ್ಲ. ಶಿರಾಳಕೊಪ್ಪ ದಾಟಿತು, ನನ್ನ ಬೈಗುಳ ಮುಗಿಯಲಿಲ್ಲ. ಶಿಕಾರಿಪುರ ಬಂತು. ಇಳಿಯುವಾಗ ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಆತು, ಲಾಯರಮ್ಮ. ಸೋತೋರು ಬೈಬೇಕು. ಬಸ್ಸಲ್ಲಿ ಎಷ್ಟು ಬೇಕಾದ್ರೂ ಬೈಬೋದು. ಇಳಿದ್ಮೇಲೆ ಬಾಯಿ ಮುಚ್ಚಬೇಕು."

ಅಷ್ಟು ಹೇಳಿ, ಎದುರಿಗೆ ನಿಂತಿದ್ದ ಸೊರಬದ ಬಸ್ಸು ಹತ್ತಿದರು. ಆಗ ಹೊಳೆಯಿತು ನನಗೆ. ಅವರ ಮನೆ ಇದ್ದದ್ದೇ ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ. ನನ್ನ ಬೈಗುಳ ಕೇಳಲಿಕ್ಕೆಂದೇ ಅಷ್ಟು ದೂರ ಬಂದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿದ್ದರು. ಹೀಗೆ ಮಾಡಿದ್ದನ್ನು ಅವರಾಗಿ ಯಾವತ್ತೂ ಹೇಳಿಕೊಳ್ಳಲಿಲ್ಲ. ನಾನು ಕೇಳಿದಾಗ, ನಿದ್ದೆ ಬಂದಿರಲಿಲ್ಲ ಅದಕ್ಕೆ ಎಂದರು.

ಅವರೊಂದಿಗೆ ನನ್ನ ಖಾಯಂ ಜಗಳ ದೇವರದು. ಪಂದ್ಯದ ಬೆಳಿಗ್ಗೆ ಅವರು ಅಂಕಣದ ಮೂಲೆಯಲ್ಲಿ ಒಂದು ನಿಂಬೆಹಣ್ಣು ಹೂಳುತ್ತಿದ್ದರು. ಗೆದ್ದರೆ ನಿಂಬೆಹಣ್ಣು ಗೆಲ್ಲಿಸಿತು. ಸೋತರೆ ಹುಡುಗರ ಅಭ್ಯಾಸ ಸಾಲದು. ಇದು ಯಾವ ನ್ಯಾಯ ಎಂದು ನಾನು ಮೈದಾನದಲ್ಲೇ ಹಿಡಿದುಕೊಂಡೆ. ಒಂದರ ನಂತರ ಇನ್ನೊಂದು ಆಯಿತು ಎಂದಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗುವುದಿಲ್ಲ, ಕೋಳಿ ಕೂಗಿದ್ದಕ್ಕೆ ಬೆಳಗಾಗುವುದಿಲ್ಲ ಸರ್ ಎಂದೆ. ಅವರು ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ ಪೂರ್ತಿ ಕೇಳಿದರು. ನೀನು ಹೇಳೋದು ಖರೆ ಎಂದು ಒಪ್ಪಿಕೊಂಡರು. ಮುಂದಿನ ಪಂದ್ಯಕ್ಕೆ ಎರಡು ನಿಂಬೆಹಣ್ಣು ತಂದರು. ಒಂದು ಅಂಕಣಕ್ಕೆ, ಇನ್ನೊಂದು ನಿನ್ನ ದೃಷ್ಟಿ ತೆಗೆಯೋಕೆ ಎಂದರು.

ತಪ್ಪುಗಳೂ ಇದ್ದವು. ಹುಡುಗಿಯರ ಕಬಡ್ಡಿ ತಂಡವನ್ನು ಪರವೂರಿನ ಪಂದ್ಯಗಳಿಗೆ ಕರೆದೊಯ್ಯುತ್ತಿರಲಿಲ್ಲ. ಹುಡುಗೀರ ಜವಾಬ್ದಾರಿ ಯಾರು ತಗೋತಾರೆ ಎನ್ನುವುದೊಂದೇ ಅವರ ಮಾತು. ನಾನು ಸಮಾನತೆ, ಹಕ್ಕು ಎಂದು ಅರ್ಧ ತಾಸು ಭಾಷಣ ಮಾಡಿದೆ. ಒಪ್ಪಲಿಲ್ಲ. ಆದರೆ ಮುಂದಿನ ಪಂದ್ಯದ ದಿನ ಹುಡುಗಿಯರನ್ನು ಬಸ್ಸಿಗೆ ಬರಲು ಹೇಳಿಕಳಿಸಿದರು. ನೋಡಿದರೆ ಮುಂದಿನ ಸೀಟಿನಲ್ಲಿ ಅವರ ತಾಯಿ, ಮಡಿಲಲ್ಲಿ ಮಂಡಕ್ಕಿಯ ಚೀಲ ಇಟ್ಟುಕೊಂಡು ಕೂತಿದ್ದರು. ಜವಾಬ್ದಾರಿ ಕರ್ಕೊಂಡು ಬಂದೀನಿ ನೋಡು ಎಂದರು ಸರ್. ಆ ಅಜ್ಜಿ ಅವತ್ತು ಗೆರೆಯ ಪಕ್ಕ ಕೂತು ಇಡೀ ಪಂದ್ಯ ನೋಡಿದರು. ನಮ್ಮ ಹುಡುಗಿಯನ್ನು ಔಟ್ ಕೊಟ್ಟ ಅಂಪೈರನ್ನು ಹತ್ತಿರ ಕರೆದು, ನಿನ್ನ ಮನೇಲಿ ಅಕ್ಕತಂಗೀರು ಇಲ್ಲೇನಪ್ಪ ಎಂದು ವಿಚಾರಿಸಿದರು. ಆಮೇಲೆ ಅವರಿಲ್ಲದೆ ಹುಡುಗಿಯರ ತಂಡ ಹೊರಟದ್ದೇ ಇಲ್ಲ. ನನ್ನನ್ನೂ ಅವರು ಅಂದಿನಿಂದ ತಂಗಿ ಎಂದೇ ಕರೆದದ್ದು. ಆ ಕಡೆ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ.

ಕಾಯಿಲೆ ಮೈದಾನದಲ್ಲೇ ಶುರುವಾಯಿತು. ಅದಕ್ಕೆ ಮೊದಲು ಒಂದು ವಾರ ಹೊಟ್ಟೆ ಕೆಟ್ಟು ಜ್ವರ ಬಂದಿತ್ತಂತೆ. ಹುಡುಗರಿಗೆ ಓಟ ತೋರಿಸುತ್ತಿದ್ದವರು ಕಾಲು ಮಡಚಿ ಬಿದ್ದರು. ಶೂ ಸರಿ ಇಲ್ಲ ಎಂದರು. ಮರುದಿನ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಆಮೇಲೆ ಕೈ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರೂ ಸಣ್ಣದಾಗಿತ್ತು. ದೇಹವನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ದೇಹದ ನರಗಳ ಮೇಲೆ ಬೀಳುವ ಕಾಯಿಲೆ ಇದು, ಬಹಳ ಜನ ಗುಣವಾಗುತ್ತಾರೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ವೈದ್ಯರು ಹೇಳಿದರು. ಗಂಟಲಲ್ಲಿ ರಂಧ್ರ ಮಾಡಿ ಉಸಿರಿನ ಯಂತ್ರಕ್ಕೆ ಜೋಡಿಸಿದರು.

ಐಸಿಯುಗೆ ಒಬ್ಬೊಬ್ಬರನ್ನೇ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಸರ್ ಅವರ ಹೆಂಡತಿ, ನಾನು ಅಕ್ಕ ಎನ್ನುವುದು ಅವರನ್ನು, ತಮ್ಮ ಸರದಿಯನ್ನು ಒಮ್ಮೊಮ್ಮೆ ನನಗೆ ಬಿಟ್ಟುಕೊಡುತ್ತಿದ್ದರು. "ನೀನು ಹೋಗಿ ಎಂತಾದ್ರೂ ತಕರಾರು ತೆಗಿಯೆ. ನಾನು ಹೋದ್ರೆ ಅಳ್ತೀನಿ, ಅವರೂ ಅಳ್ತಾರೆ" ಎನ್ನುವರು. ಒಳಗೆ ಅವರ ಕಣ್ಣು ಮಾತ್ರ ಅವರದಾಗಿ ಉಳಿದಿತ್ತು. ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ರೆಪ್ಪೆ ಮುಚ್ಚುವುದೆಂದು ನರ್ಸ್ ಕಲಿಸಿದ್ದರು. ನಾನು ಕಾಲೇಜಿನ ಸುದ್ದಿ ಹೇಳಿದೆ, ಪ್ರಾಂಶುಪಾಲರ ಕಾರು ಮತ್ತೆ ಮೈದಾನಕ್ಕೆ ಬಂದಿದೆ ಎಂದೆ. ಎರಡೆರಡು ಸಲ, ಮತ್ತೆ ಎರಡು ಸಲ, ರೆಪ್ಪೆ ಬಡಿದರು. ಕೋಪ ಬಂದಾಗ ಅವರು ಹೀಗೇ ಇಲ್ಲ ಇಲ್ಲ ಎಂದು ಕೂಗುತ್ತಿದ್ದದ್ದು. ಹುಡುಗರು ಪಂದ್ಯ ಸೋತರು ಎಂದಾಗ ಮಾತ್ರ ಕಣ್ಣು ಮುಚ್ಚಿ ಹಾಗೆಯೇ ಇದ್ದರು. ನಮ್ಮ ಸಂಕೇತದಲ್ಲಿ ಅದಕ್ಕೆ ಅರ್ಥ ಕೊಟ್ಟಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅಜ್ಜಿ ಕೂತಿರುತ್ತಿದ್ದರು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಿದ್ದರು: ಮಗ ಈ ಬಾಗಿಲಿಂದ ಹೊರಗೆ ಬಂದರೆ ಸೀರೆ, ಕುಪ್ಪಸ, ಅಕ್ಕಿ, ಕಾಯಿ ತಂದು ಉಡಿ ತುಂಬುತ್ತೇನೆ ಎಂದು. ಆ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವರು. ಯಾರದೋ ಮಗ ಹೊರಗೆ ಬರುತ್ತಿದ್ದ, ಅಥವಾ ನರ್ಸ್ ಬರುತ್ತಿದ್ದರು. ಮತ್ತೆ ಕೂರುವರು. ಆಗ ಆ ಬೆಂಚಿನ ಮೇಲಿದ್ದವರಿಗೆಲ್ಲ ಲೋಕದಲ್ಲಿ ಒಂದೇ ಬಾಗಿಲು. ದೇವರನ್ನು ನಂಬದ ನನಗೂ ಅಷ್ಟೇ.

ಅವರು ಹೊರಗೆ ಬಂದರು. ಯಂತ್ರದ ಸಹಾಯವನ್ನು ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗಿ, ಕೊನೆಗೊಂದು ದಿನ ತೆಗೆದೇ ಬಿಟ್ಟರು. ತಳ್ಳುವ ಮಂಚದ ಮೇಲೆ ಅವರನ್ನು ವಾರ್ಡಿಗೆ ತಂದಾಗ ಹಳೆಯ ಆಟಗಾರರು ಕಾರಿಡಾರಿನಲ್ಲಿ ಚಪ್ಪಾಳೆ ಹೊಡೆದರು, ನರ್ಸ್ ಬೈದರು. ಅಕ್ಕ ಊರಿಗೆಲ್ಲ ಫೋನ್ ಮಾಡಿ ಗೆದ್ದು ಬಂದ್ರು ಎಂದರು. ಅಮ್ಮ ಕೈಬಿಡಲಿಲ್ಲ ಎಂದರು ಅಜ್ಜಿ. ನನಗೆ ಸುಮ್ಮನಿರಲಾಗಲಿಲ್ಲ. ಉಳಿಸಿದ್ದು ಔಷಧಿ, ಡಾಕ್ಟ್ರು, ಹಗಲುರಾತ್ರಿ ಕಫ ತೆಗೆದ ನರ್ಸುಗಳು, ಹರಕೆ ಹೊತ್ತವರ ಮಕ್ಕಳೆಲ್ಲ ಹೊರಗೆ ಬಂದಿಲ್ಲವಲ್ಲ ಅಜ್ಜಿ ಎಂದೆ. ಅಕ್ಕ ನನ್ನ ಕೈ ಚಿವುಟಿದರು. ಅಜ್ಜಿಗೆ ಬೇಜಾರಾಗಲಿಲ್ಲ, ಡಾಕ್ಟ್ರಿಗೆ ಬುದ್ಧಿ ಕೊಟ್ಟೋಳು ಯಾರು ಎಂದರು. ಮಂಚದ ಮೇಲಿಂದ ಸರ್ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಗಂಟಲಿನ ನಳಿಕೆಯಿಂದಾಗಿ ಸದ್ದು ಬರುವಂತಿರಲಿಲ್ಲ. ತುಟಿ ಮಾತ್ರ ಆಡಿಸಿದರು. ಡ್ರಾ, ಎಂದು.

ಈಗ ಆ ಮೂರನೆಯ ಮಾತಿಗೆ ಬರುತ್ತೇನೆ. ಐಸಿಯುನಲ್ಲಿ ಅವರು ಸಾವಿನ ಜೊತೆ ಹೋರಾಡಿದರು ಎನ್ನುವುದು ಸುಳ್ಳು. ಅಲ್ಲಿ ಅವರು ಮಲಗಿದ್ದರು; ಹೋರಾಡಿದವರು ಬೇರೆಯವರು. ಅವರ ಪಾಲಿನ ಹೋರಾಟ ಶುರುವಾದದ್ದು ಎಲ್ಲರೂ ಗೆದ್ದಾಯಿತು ಎಂದು ಮನೆಗೆ ಹೋದ ಮೇಲೆ, ವಾರ್ಡಿನಲ್ಲಿ. ಅದನ್ನು ನೋಡಲು ಯಾರೂ ಇರಲಿಲ್ಲ. ಯಂತ್ರಗಳ ಬೀಪ್ ಸದ್ದಿಗೆ ಓಡಿ ಬರುವವರಿಲ್ಲ. ಹಾಲ್‌ನಲ್ಲಿ ಸಾಲುಮಂಚ, ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು. ಅಜ್ಜಿಯನ್ನು ಸೊರಬಕ್ಕೆ ಕಳಿಸಿ ಅಕ್ಕ ಉಳಿದರು. ರಜೆಯ ದಿನ ನಾನು ಹೋಗಿ ಅವರನ್ನು ಬಿಡಿಸುತ್ತಿದ್ದೆ. ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಮೂಗಿನ ಕೊಳವೆಯಲ್ಲಿ ಗಂಜಿ ಬಿಡಬೇಕು. ಫಿಸಿಯೋಥೆರಪಿಯ ಹುಡುಗಿ ಬಂದು ಕೂರಿಸಿದರೆ ತಲೆ ಎದೆಯ ಮೇಲೆ ಬೀಳುತ್ತಿತ್ತು. ಅದನ್ನೆತ್ತಿ ನಿಲ್ಲಿಸುವುದೇ ಅವತ್ತಿನ ಪಂದ್ಯ. ಒಮ್ಮೆ ಚಮಚ ಹಿಡಿಯಲು ಹೋಗಿ ಅದು ಬೆರಳಿಂದ ಜಾರಿದಾಗ ಮುಖ ಗೋಡೆಗೆ ತಿರುಗಿಸಿ ಅತ್ತರು. ಅಕ್ಕ ಸಮಾಧಾನ ಮಾಡಲು ಹೋದರೆ ಕಣ್ಣಲ್ಲೇ ಬೈದರು. ಅಕ್ಕನ ಮೇಲೆ ಎಷ್ಟೋ ದಿನ ಹಾಗೆ ಸಿಡುಕಿದ್ದಾರೆ. ಬದುಕಿದ್ದಕ್ಕೆ ಕೃತಜ್ಞರಾಗಿದ್ದರು ಎಂದೆಲ್ಲ ನಾನು ಬರೆಯುವುದಿಲ್ಲ. ಬದುಕಿದ್ದು ಅವರಿಗೆ ಬಹಳ ಸಲ ಅವಮಾನವಾಗಿ ಕಂಡಿತ್ತು.

ಆದರೂ ಬೆರಳು ಬಂತು. ಮೊಣಕೈ ಬಂತು. ಗಂಟಲಿನ ನಳಿಕೆ ತೆಗೆದು ಆ ಜಾಗ ಮುಚ್ಚಿದ ಮೇಲೆ ಧ್ವನಿ ಬಂತು, ಹಳೆಯ ಧ್ವನಿಯ ಸಿಪ್ಪೆಯ ಹಾಗೆ ತೆಳ್ಳಗೆ. ನಾನು ಹೋದಾಗ ಅವರು ಹೇಳಿದ ಮೊದಲ ಮಾತು, "ಯಾರ್ನ ಬೈಬೇಕು ಹೇಳು, ಲಾಯರಮ್ಮ."

ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡೆ. ಅವರೇ ಹೇಳಿದರು, ನಾನಿನ್ನೂ ಬಸ್ಸಲ್ಲೇ ಇದೀನಿ, ಬೈಬೋದು. ಹಾಗೆ ಹೇಳಿ ನಕ್ಕದ್ದಕ್ಕೆ ಕೆಮ್ಮು ಬಂದು, ಬಹಳ ಹೊತ್ತು ಸುಧಾರಿಸಿಕೊಂಡರು.

ಕೈಕಾಲಿಗಿಂತ ಹಿಂದೆ ಬಿದ್ದದ್ದು ನುಂಗುವ ಶಕ್ತಿ. ಗಂಟಲಿನ ಸ್ನಾಯುಗಳಿಗೆ ಇನ್ನೂ ಬಲ ಬಂದಿಲ್ಲ, ತೆಳ್ಳಗಿನದು ಏನೇ ಕೊಟ್ಟರೂ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯಬಹುದು ಎಂದು ವೈದ್ಯರು ಅಕ್ಕನಿಗೂ ನನಗೂ ಬಿಡಿಸಿ ಹೇಳಿದರು. ಮೂಗಿನ ಕೊಳವೆ ತೆಗೆದ ಮೇಲೂ ಗಟ್ಟಿ ಗಂಜಿ, ನುರಿದ ಬಾಳೆಹಣ್ಣು, ಗಟ್ಟಿ ಅಂಬಲಿ, ಅದೂ ನೆಟ್ಟಗೆ ಕೂರಿಸಿ ಚಮಚದಲ್ಲಿ. ನೀರನ್ನೂ ಪುಡಿ ಬೆರೆಸಿ ಲೋಳೆಯಂತೆ ಮಾಡಿಯೇ ಕೊಡಬೇಕು. ಬರೀ ನೀರು ಸದ್ಯಕ್ಕೆ ಬೇಡವೇ ಬೇಡ.

ಸರ್‌ಗೆ ಬೇಕಾದದ್ದು ಅದೊಂದೇ. ನಡೆಯಬೇಕು ಎಂದು ಕೇಳಲಿಲ್ಲ, ಮೈದಾನ ಕೇಳಲಿಲ್ಲ. ಒಂದು ಲೋಟ ತಣ್ಣನೆಯ ನೀರು ಕೇಳಿದರು. ಆ ಪುಡಿ ಬೆರೆಸಿದ್ದನ್ನು ಅವರು ಗೋಂದು ಎಂದು ಕರೆಯುತ್ತಿದ್ದರು. ಒಂದು ದಿನ ನನ್ನ ಜೊತೆ ವಾದಕ್ಕೇ ಇಳಿದರು. ನೀರು ಕುಡಿದು ಸತ್ತವರನ್ನು ನೋಡೀಯೇನು, ಪುರಾವೆ ಕೊಡು, ಪುರಾವೆ ಇಲ್ದೆ ಮಾತಾಡಬಾರ್ದು ಅಂತ ನೀನೇ ಹೇಳಾಕಿ ಎಂದರು. ನಾನು ಗಂಟಲಿನ ಚಿತ್ರವನ್ನು ಫೋನಿನಲ್ಲಿ ತೋರಿಸಿ, ಅನ್ನನಾಳ ಇದು, ಶ್ವಾಸನಾಳ ಇದು, ಮುಚ್ಚಳ ಇದು ಎಂದು ವಿವರಿಸಿದೆ. ಗೆದ್ದೆ ಬಿಡು ಎಂದರು. ಎದುರಿನ ಮಂಚದವರು ಬಾಟಲಿ ಎತ್ತಿ ಕುಡಿಯುವುದನ್ನು ನೋಡುತ್ತಾ ಮಲಗಿದರು. ನಾನು ಗೆದ್ದ ವಾದಗಳಲ್ಲಿ ಅಷ್ಟು ಕಹಿಯಾದದ್ದು ಇನ್ನೊಂದಿಲ್ಲ.

ಇನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ವ್ಯಾಯಾಮ ಮಾಡಿಸಲು ಸೊರಬದಲ್ಲಿಯೇ ಒಬ್ಬರು ಮನೆಗೆ ಬರುತ್ತಾರೆ ಎಂದಾದ ಮೇಲೆ ಬಿಡುಗಡೆ ಮಾಡಿದರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಕಿಟಕಿಯಲ್ಲೇ ಇದ್ದರು. ಮನೆಯ ಮುಂದೆ ಅಕ್ಕಪಕ್ಕದವರು ನಿಂತಿದ್ದರು. ಗಾಲಿಕುರ್ಚಿಗೆ ಇಳಿಸಿದೆವು. ಯಾರೋ ಆರತಿ ಎತ್ತಿದರು. ಅಕ್ಕ ಒಳಗೆ ಮಂಚ ಸರಿ ಮಾಡಲು ಓಡಿದರು, ನಾನು ಗಾಡಿಯಿಂದ ದಿಂಬು, ಔಷಧಿಯ ಚೀಲ ಇಳಿಸುತ್ತಿದ್ದೆ.

ತಾಳಗುಂದದ ಕಡೆಯ ಆ ಅಜ್ಜಿಯ ಮನೆತನದಲ್ಲಿ ಒಂದು ರೂಢಿ. ಹೊಸ್ತಿಲಿಗೆ ಬಂದವರು ಯಾರೇ ಇರಲಿ, ಜಗಳ ಆಡಲು ಬಂದವರೇ ಆಗಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಯಾಕೆ ಬಂದೆ ಎಂದು ಕೇಳುವುದು ಆಮೇಲೆ. ವಾರ್ಡಿನ ಮಾತುಕತೆ ಯಾವುದೂ ಅವರ ಕಿವಿಗೆ ಬಿದ್ದಿರಲಿಲ್ಲ; ಅವರು ಕೇಳಿದ್ದು ಮಗ ಬಾಯಲ್ಲಿ ಉಣ್ಣುತ್ತಿದ್ದಾನೆ ಎಂಬ ಸುದ್ದಿ ಮಾತ್ರ. ನಾನು ತಿರುಗಿ ನೋಡುವಾಗ ತಂಬಿಗೆ ಸರ್ ಬಾಯಿಗೆ ಹತ್ತಿತ್ತು. ಅಜ್ಜಿ ಎರಡೂ ಕೈಯಲ್ಲಿ ಹಿಡಿದಿದ್ದರು. ಅವರ ಕೈಗಳ ಮೇಲೆ ಸರ್ ಈಗಷ್ಟೇ ಬಂದ ತಮ್ಮ ಬೆರಳುಗಳನ್ನು ಇಟ್ಟಿದ್ದರು.

ಬೇಡ ಎನ್ನಲು ಆಗ ಅವರಿಗೆ ಧ್ವನಿ ಇತ್ತು. ಹೇಳಲಿಲ್ಲ. ಬಾಯಾರಿಕೆಯೋ, ಅಷ್ಟು ದಿನ ಬಾಗಿಲು ಕಾದ ತಾಯಿಯ ಕೈಯನ್ನು ಊರೆದುರು ತಳ್ಳಲಾಗಲಿಲ್ಲವೋ. ಈ ವಿಷಯದ ಪರವಾಗಿಯೂ ವಿರೋಧವಾಗಿಯೂ ನಾನು ಮಾತಾಡಬಲ್ಲೆ. ಎಷ್ಟೋ ಸಲ ಒಬ್ಬಳೇ ಮಾತಾಡಿದ್ದೇನೆ.

ಕೆಮ್ಮಿದರು. ದೊಡ್ಡ ಕೆಮ್ಮೇನಲ್ಲ. ಅಜ್ಜಿ ಅವರ ನೆತ್ತಿ ತಟ್ಟುತ್ತಾ, ಯಾರೋ ನೆನೆಸ್ಕೊಂಡ್ರು ನನ್ನ ಮಗನ್ನ ಎಂದರು. ನೆರೆದವರು ನಕ್ಕರು. ಅಷ್ಟರಲ್ಲಿ ಬಾಗಿಲಿಗೆ ಬಂದ ಅಕ್ಕ, "ಅತ್ತೇ, ನೀರು ಕೊಡಬಾರ್ದಿತ್ತು" ಎಂದರು. ಎಂದವರು, ಅಜ್ಜಿಯ ಮುಖ ನೋಡಿ, ಸ್ವಲ್ಪ ಅಲ್ವಾ, ಏನಾಗಲ್ಲ ಬಿಡಿ ಎಂದು ಸೇರಿಸಿದರು. ಸರ್ ನನ್ನತ್ತ ನೋಡಿದರು. ಗಲ್ಲದಿಂದ ನೀರು ಇಳಿಯುತ್ತಿತ್ತು. ಅಷ್ಟು ತೃಪ್ತಿಯ ಮುಖವನ್ನು ನಾನು ಅವರ ತಂಡ ಗೆದ್ದಾಗಲೂ ಕಂಡಿರಲಿಲ್ಲ.

ಮೊದಲೆರಡು ದಿನ ಚೆನ್ನಾಗಿದ್ದರು. ಆಮೇಲೆ ಜ್ವರ. ಎದೆಯಲ್ಲಿ ಗೊರಗೊರ. ಸೊರಬದ ಆಸ್ಪತ್ರೆಯವರು ನಿಲ್ಲಿಸಿಕೊಳ್ಳದೆ ಶಿವಮೊಗ್ಗಕ್ಕೆ ಕಳಿಸಿದರು. ಅದೇ ಐಸಿಯು, ಅದೇ ಬಾಗಿಲು. ಶ್ವಾಸಕೋಶಕ್ಕೆ ಸೋಂಕು ಎಂದರು ವೈದ್ಯರು. ತೆಳ್ಳಗಿನದು ಏನಾದರೂ ಕುಡಿಸಿದ್ರಾ ಎಂದು ಕೇಳಿದರು. ನೀರು, ಎಂದರು ಅಕ್ಕ. ಯಾರು ಕೊಟ್ಟದ್ದೆಂದು ಹೇಳಲಿಲ್ಲ. ವೈದ್ಯರೂ ಕೇಳಲಿಲ್ಲ. ಇಷ್ಟು ದುರ್ಬಲವಾದ ಗಂಟಲಿಗೆ ಸ್ವಂತ ಉಗುಳೇ ಸಾಕಾಗಬಹುದು, ಅದರಿಂದಲೇ ಹೀಗಾಯಿತು ಎಂದು ಹೇಳಲು ಬರುವುದಿಲ್ಲ ಎಂದರು. ಅವರ ಮಾತನ್ನು ನಾನು ಇಲ್ಲಿ ಹೆಚ್ಚುಕಡಿಮೆ ಇದ್ದ ಹಾಗೆಯೇ ಇಡುತ್ತಿದ್ದೇನೆ. ಈ ಸಲ ಬಾಗಿಲು ತೆರೆದು ವೈದ್ಯರೇ ಹೊರಗೆ ಬಂದರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಸೊರಬಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದರು. ಅಜ್ಜಿ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು. ಬಾ ಎಂದರು, ಎದ್ದೇಳಲಿಲ್ಲ. ಪಕ್ಕದಲ್ಲಿ ಕೂತೆ. ಬೇಸಾಯದ ಮಾತು, ನನ್ನ ಕೆಲಸದ ಮಾತು ಆಡಿದರು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ತಂಗಿ, ಇವರು ಯಾರೂ ನನಗೆ ಖರೆ ಹೇಳಲ್ಲ. ನೀನು ಎದುರಿಗೇ ಹೇಳಾಕಿ ಅಂತ ಅವ ಹೇಳ್ತಿದ್ದ. ನಾನು ಕೊಟ್ಟ ನೀರಿಂದ ಹೋದ್ನೇನು ನನ್ನ ಮಗ?"

ನನ್ನಲ್ಲಿ ಉತ್ತರ ಸಿದ್ಧವಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಡಾಕ್ಟ್ರು ಹಾಗೆ ಹೇಳಿಲ್ಲ ಎಂದೆ. ನೀರು ಕುಡಿದ ಮೇಲೆ ಜ್ವರ ಬಂದದ್ದು ಹೌದು, ಆದರೆ ಒಂದಾದ ಮೇಲೆ ಇನ್ನೊಂದು ಆಯಿತು ಅಂದ ಮಾತ್ರಕ್ಕೆ ಅದರಿಂದಲೇ ಆಯಿತು ಅನ್ನೋಕೆ ಬರಲ್ಲ ಅಜ್ಜಿ, ಕೋಳಿ ಕೂಗಿದ್ದಕ್ಕೆ ಬೆಳಗಾಗುತ್ತಾ ಎಂದೆ. ಅವರು ಗಮನವಿಟ್ಟು ಕೇಳಿದರು. ಅವರ ಮುಖದಲ್ಲಿ ಏನೋ ಸಡಿಲವಾಗುತ್ತಿರುವುದು ಕಂಡಿತು. ಆಮೇಲೆ ಅದು ನಿಂತಿತು.

"ಹಂಗಾದ್ರೆ," ಎಂದರು, "ಹರಕೆ ಹೊತ್ತ ಮ್ಯಾಲೆ ಅವ ಹೊರಗೆ ಬಂದ್ನಲ್ಲ. ಅದೂ ಅಮ್ಮ ಮಾಡಿದ್ದಲ್ಲ ಅಂತಾತು."

ನನ್ನ ತರ್ಕ ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ವಾರ್ಡಿನ ಬಾಗಿಲಲ್ಲಿ ನಾನೇ ಅವರಿಗೆ ಹೇಳಿದ್ದ ಮಾತು ಅದು. ಈಗ ಹೌದು ಎಂದರೆ ಮಗನ ಜೊತೆಗೆ 'ಅಮ್ಮ'ನನ್ನೂ ಅವರಿಂದ ಕಿತ್ತುಕೊಂಡ ಹಾಗೆ. ಅಲ್ಲ ಎಂದರೆ ತಂಬಿಗೆ ಮತ್ತೆ ಅವರ ಕೈಗೇ ಬರುತ್ತದೆ.

"ಅಮ್ಮನೇ ಉಳಿಸಿದ್ದು ಅಜ್ಜಿ," ಎಂದೆ. "ನೀರಿಂದ ಏನೂ ಆಗಿಲ್ಲ."

ಈ ಎರಡು ವಾಕ್ಯಗಳನ್ನು ಒಂದೇ ಬಾಯಲ್ಲಿ ಹೇಳಿದ ಯಾವ ಎದುರಾಳಿಯನ್ನೂ ನಾನು ವೇದಿಕೆಯ ಮೇಲೆ ಉಳಿಸಿದವಳಲ್ಲ. ಅಜ್ಜಿ ಕೈ ಚಾಚಿ ನನ್ನ ಮೊಣಕಾಲ ಮೇಲಿಟ್ಟರು.

"ನಿನಗೆ ಸುಳ್ಳು ಹೇಳಾಕೆ ಬರಲ್ಲ ಬಿಡು. ಅಮ್ಮಂದೇನೂ ತಪ್ಪಿಲ್ಲ ತಂಗಿ. ನಾ ಕೇಳಿದ್ದೇ ಕಮ್ಮಿ. ಆ ಬಾಗಿಲಿಂದ ಹೊರಗೆ ಕಳಿಸು ಅಂದೆ. ಕಳಿಸಿದ್ಲು. ಹೊರಗೆ ಬಂದ ಮ್ಯಾಲೆ ಕಾಯವ್ವ ಅಂತ ನಾ ಕೇಳಲೇ ಇಲ್ಲ."

ಅದಕ್ಕೆ ನಾನು ಖಂಡನೆ ಹುಡುಕಿದೆ. ಆ ಬೆಂಚು ನೆನಪಾಯಿತು. ಕಾರಿಡಾರಿನ ಚಪ್ಪಾಳೆ, ಅಕ್ಕನ ಫೋನುಗಳು, ಗೆದ್ದಾಯಿತೆಂದು ಅವತ್ತು ಸಂಜೆ ಆಸ್ಪತ್ರೆಯ ಹೊರಗೆ ನಿಂತು ಕುಡಿದ ಟೀ, ಎಲ್ಲವೂ.

"ನಾವೆಲ್ಲ ಅಷ್ಟೇ ಕೇಳಿದ್ದು ಅಜ್ಜಿ," ಎಂದೆ.